ಮಹಿಳೆಯರ ಡಬಲ್ಸ್ ನೋಡುವುದು ಹೇಗೆ: ಒಂದು ಹಾಳೆ, ಒಂದು ಪೆನ್ಸಿಲ್, ನಾಲ್ಕು ಅಕ್ಷರ

ಟೆನಿಸ್ ಟೂರ್ನಿಗೆ ಹೋದವರಲ್ಲಿ ಹೆಚ್ಚಿನವರು ಸಿಂಗಲ್ಸ್ ಮುಗಿದ ಕೂಡಲೇ ಎದ್ದು ಹೊರಡುತ್ತಾರೆ. ಡಬಲ್ಸ್‌ಗೆ ಕೂತವರಲ್ಲೂ ಬಹಳ ಮಂದಿ ಚೆಂಡು ಹೋದ ಕಡೆಗೇ ಕಣ್ಣು ಹಾಯಿಸುತ್ತಾರೆ. ಹಾಗೆ ನೋಡಿದರೆ ನಾಲ್ಕು ಜನ ಓಡಾಡಿದ್ದು ಕಾಣುತ್ತದೆ, ಯಾವ ಜೋಡಿ ಯಾಕೆ ಗೆದ್ದಿತು ಎಂಬುದು ಕಾಣುವುದಿಲ್ಲ. ಡಬಲ್ಸ್‌ನಲ್ಲಿ ಅಂಕ ಹುಟ್ಟುವುದು ಬಹುಪಾಲು ಚೆಂಡು ಹೊಡೆಯದೆ ನೆಟ್ ಬಳಿ ನಿಂತ ಆಟಗಾರ್ತಿಯಿಂದ. ಯಾರು ಯಾವ ಸರದಿಯಲ್ಲಿ ಸರ್ವ್ ಮಾಡುತ್ತಾರೆ ಎಂಬುದೂ ಅಷ್ಟೇ ಮುಖ್ಯ. ಈ ಎರಡನ್ನು ಹಿಡಿದರೆ ಪಂದ್ಯ ತಾನಾಗಿ ತೆರೆದುಕೊಳ್ಳುತ್ತದೆ. ಹಿಡಿಯಲು ಬೇಕಾದದ್ದು ಒಂದು ಹಾಳೆ ಮತ್ತು ಒಂದು ಪೆನ್ಸಿಲ್.

ಇಲ್ಲಿ ಹೇಳಿರುವುದು ಮುಖ್ಯವಾಗಿ ಡಬ್ಲ್ಯೂಟಿಎ (ಮಹಿಳಾ ಟೆನಿಸ್ ಸಂಘ) 250 ಮಟ್ಟದ ಟೂರ್ನಿಗೆ ಹೊಂದುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಚೆನ್ನೈನ ನುಂಗಂಬಾಕ್ಕಂ ಕ್ರೀಡಾಂಗಣದಲ್ಲಿ ನಡೆದ ಚೆನ್ನೈ ಓಪನ್ ಅಂಥದ್ದು. ಅಲ್ಲಿ ಡಬಲ್ಸ್ ಗೆದ್ದವರು ಕೆನಡಾದ ಗೇಬ್ರಿಯೆಲಾ ಡಬ್ರೋವ್‌ಸ್ಕಿ ಮತ್ತು ಬ್ರೆಜಿಲ್‌ನ ಲೂಯಿಸಾ ಸ್ಟೆಫಾನಿ. ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿರುವ ಕೆಎಸ್‌ಎಲ್‌ಟಿಎ (ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆ) ಅಂಗಳದಲ್ಲಿ ನಡೆಯುವ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್) ಮಹಿಳಾ ಟೂರ್ನಿಗಳನ್ನು ನೋಡುವವರಿಗೂ ಬಹುತೇಕ ಇದೇ ಸಾಕು. ಗ್ರ್ಯಾನ್‌ಸ್ಲಾಮ್‌ನಲ್ಲಿ ನಿಯಮ ಬೇರೆಯಾಗುವ ಕಡೆ ಅಲ್ಲಲ್ಲೇ ಹೇಳಿದೆ.

ಹಂತ 1: ಡ್ರಾ ಓದಿ

250 ಮಟ್ಟದ ಟೂರ್ನಿಯಲ್ಲಿ ಸಾಮಾನ್ಯವಾಗಿ 16 ಜೋಡಿಗಳಿರುತ್ತವೆ, ಪ್ರಶಸ್ತಿಗೆ ನಾಲ್ಕು ಗೆಲುವು ಬೇಕು. ಗ್ರ್ಯಾನ್‌ಸ್ಲಾಮ್‌ನಲ್ಲಿ 64 ಜೋಡಿ, ಆರು ಗೆಲುವು. 16 ಜೋಡಿಗಳ ಡ್ರಾದಲ್ಲಿ, ಅಂದರೆ ಯಾರು ಯಾರ ಎದುರು ಎಂಬ ಪಟ್ಟಿಯಲ್ಲಿ, ನಾಲ್ಕಕ್ಕೆ ಶ್ರೇಯಾಂಕ. ಒಂದನೆಯದು ಮೊದಲ ಸಾಲಿನಲ್ಲಿ, ಎರಡನೆಯದು 16ನೇ ಸಾಲಿನಲ್ಲಿ. ಮೂರು ಮತ್ತು ನಾಲ್ಕನೆಯವು ಚೀಟಿ ಎತ್ತಿದಂತೆ 5 ಮತ್ತು 12ನೇ ಸಾಲಿಗೆ ಹೋಗುತ್ತವೆ.

ಡಬಲ್ಸ್ ರ್‍ಯಾಂಕಿಂಗ್ ಜೋಡಿಯದಲ್ಲ, ಒಬ್ಬೊಬ್ಬ ಆಟಗಾರ್ತಿಯದು. ಕಳೆದ 52 ವಾರಗಳಲ್ಲಿ ಯಾರ ಜೊತೆ ಆಡಿ ಗಳಿಸಿದ ಅಂಕವಾದರೂ ಆಕೆಯ ಹೆಸರಿಗೇ ಸೇರುತ್ತದೆ. ಇಬ್ಬರ ರ್‍ಯಾಂಕಿಂಗ್ ಕೂಡಿಸಿದರೆ ಜೋಡಿಯ ತೂಕ ಸಿಗುತ್ತದೆ: 35 ಮತ್ತು 60 ಸೇರಿ 95. ಮೊತ್ತ ಕಡಿಮೆ ಇದ್ದಷ್ಟೂ ಶ್ರೇಯಾಂಕ ಮೇಲೆ. ವಾರ ವಾರಕ್ಕೂ ಜೊತೆಗಾರ್ತಿಯರು ಬದಲಾಗುವುದಕ್ಕೆ ಇದೂ ಒಂದು ಕಾರಣ. ಹೊಸಬಳ ಜೊತೆ ಆಡಿದರೂ ಹಳೆಯ ಅಂಕ ಕೈಬಿಡುವುದಿಲ್ಲ.

ಶ್ರೇಯಾಂಕವಿಲ್ಲದ ಜೋಡಿಯನ್ನು ಹಗುರವಾಗಿ ಎಣಿಸಬೇಡಿ. ಸಿಂಗಲ್ಸ್‌ನಲ್ಲಿ ದೊಡ್ಡ ಹೆಸರು ಮಾಡಿದವರು ಡಬಲ್ಸ್ ಕಡಿಮೆ ಆಡಿದ್ದರೆ ಡ್ರಾದಲ್ಲಿ ಎಲ್ಲೋ ಮಧ್ಯದಲ್ಲಿ ಬಿದ್ದಿರುತ್ತಾರೆ. 2016ರಲ್ಲಿ ಸೆರೆನಾ ಮತ್ತು ವೀನಸ್ ವಿಲಿಯಮ್ಸ್ ವಿಂಬಲ್ಡನ್ ಡಬಲ್ಸ್ ಗೆದ್ದದ್ದು ಶ್ರೇಯಾಂಕವಿಲ್ಲದೆ.

ಇನ್ನೊಂದು ಮಾತು: ಹಿಂದಿನ ದಿನ ನೋಡಿದ ಡ್ರಾವನ್ನು ನಂಬಿ ಹೋಗಬೇಡಿ. ಸಿಂಗಲ್ಸ್ ಆಡುವಾಗ ಒಬ್ಬಳ ಸ್ನಾಯು ಹಿಡಿದುಕೊಂಡರೂ ಇಡೀ ಜೋಡಿ ಹಿಂದೆ ಸರಿಯಬೇಕು, ಬದಲಿಗೆ ಮತ್ತೊಬ್ಬಳನ್ನು ಸೇರಿಸುವಂತಿಲ್ಲ. ಮೊದಲ ಸುತ್ತಿಗೆ ಮುಂಚೆ ಹೀಗಾದರೆ ಕಾಯುವ ಪಟ್ಟಿಯಲ್ಲಿದ್ದ ಜೋಡಿಗೆ ಅವಕಾಶ, ಆಮೇಲಾದರೆ ಎದುರಾಳಿಗೆ ವಾಕ್‌ಓವರ್. ಆ ದಿನದ ಬೆಳಗ್ಗೆ ಪಂದ್ಯಗಳ ವೇಳಾಪಟ್ಟಿಯನ್ನು ಮತ್ತೊಮ್ಮೆ ನೋಡಿ. ಮಳೆ ಬಂದ ವಾರದಲ್ಲಂತೂ ಮೊದಲು ಪೆಟ್ಟು ಬೀಳುವುದು ಡಬಲ್ಸ್‌ಗೇ. ಪಂದ್ಯ ಪಕ್ಕದ ಅಂಗಳಕ್ಕೆ ಹೋಗುತ್ತದೆ, ಇಲ್ಲವೇ ಒಂದೇ ದಿನ ಎರಡು ಸುತ್ತು ಆಡಬೇಕಾಗುತ್ತದೆ.

ಹಂತ 2: ಜಾಗ ಆರಿಸಿ

ಅಂಗಳದ ಬದಿಯಲ್ಲಿ ಕೂರಬೇಡಿ, ಬೇಸ್‌ಲೈನ್‌ನ (ತುದಿಯ ಗೆರೆಯ) ಹಿಂದೆ ಕೂತುಕೊಳ್ಳಿ. ಬದಿಯಿಂದ ಚೆಂಡಿನ ವೇಗ ಚೆನ್ನಾಗಿ ಕಾಣುತ್ತದೆ, ಕೋನ ಕಾಣುವುದಿಲ್ಲ. ಡಬಲ್ಸ್ ಅಂದರೆ ಕೋನ.

ಅಂಗಳದ ಉದ್ದ ಸಿಂಗಲ್ಸ್‌ನಷ್ಟೇ, 23.77 ಮೀಟರ್. ಅಗಲ ಮಾತ್ರ 8.23ರಿಂದ 10.97 ಮೀಟರ್‌ಗೆ ಹಿಗ್ಗುತ್ತದೆ, ಎರಡೂ ಕಡೆ 1.37 ಮೀಟರ್ ಪಟ್ಟಿ ಸೇರುವುದರಿಂದ. ಸರ್ವ್ ಬೀಳಬೇಕಾದ ಚೌಕ ಹಿಗ್ಗುವುದಿಲ್ಲ. ನೆಟ್ ಕಂಬದ ಬಳಿ 1.07 ಮೀಟರ್ ಎತ್ತರ, ನಡುವೆ 0.914 ಮೀಟರ್. ಆ ಹದಿನೈದು ಸೆಂಟಿಮೀಟರ್ ತಗ್ಗಿನಿಂದಲೇ ಇಬ್ಬರ ನಡುವಿನ ಸಂದಿಗೆ ಹೊಡೆಯುವುದು ಸುಲಭ. ಜೊತೆಗೆ ‘ನಿನ್ನದು, ನನ್ನದು’ ಎಂಬ ಗೊಂದಲದ ಲಾಭವೂ ಹೊಡೆದವರಿಗೆ ಸಿಗುತ್ತದೆ.

ಯಾವ ತುದಿ? ಇದಕ್ಕೆ ಉತ್ತರ ಕೊಡಲು ಮುಂದಿನ ಹಂತ ಬೇಕು.

ಹಂತ 3: ನಾಲ್ಕು ಅಕ್ಷರ ಬರೆಯಿರಿ

ಮೊದಲು ಸರ್ವ್ ಮಾಡುವ ಜೋಡಿಗೆ ಅ ಮತ್ತು ಆ, ಎದುರಿನ ಜೋಡಿಗೆ ಕ ಮತ್ತು ಖ ಎಂದು ಗುರುತು ಹಾಕಿ. ಮೊದಲ ಗೇಮ್‌ನಲ್ಲಿ ಸರ್ವ್ ಮಾಡಿದವಳು ಅ, ಎರಡನೆಯದರಲ್ಲಿ ಮಾಡಿದವಳು ಕ. ಮೂರನೆಯದು ಆ, ನಾಲ್ಕನೆಯದು ಖ. ಸೆಟ್ ಮುಗಿಯುವವರೆಗೆ ಈ ಅ–ಕ–ಆ–ಖ ಸರದಿ ಬದಲಾಗದು. ರಿಟರ್ನ್ ಮಾಡುವ, ಅಂದರೆ ಸರ್ವ್‌ಗೆ ಮರುಹೊಡೆತ ಕೊಡುವ, ಕಡೆಯೂ ಹಾಗೆಯೇ: ಬಲ ಚೌಕದಲ್ಲಿ ನಿಂತವಳು ಆ ಸೆಟ್ ಪೂರ್ತಿ ಬಲಕ್ಕೇ, ಎಡದವಳು ಎಡಕ್ಕೇ. ಎರಡನ್ನೂ ಬದಲಿಸಲು ಅವಕಾಶ ಇರುವುದು ಹೊಸ ಸೆಟ್‌ನ ಆರಂಭದಲ್ಲಿ ಮಾತ್ರ.

ಈಗ ಒಂದು ಲೆಕ್ಕ ನೋಡಿ. ಮೊದಲ ಗೇಮ್ ಆದ ಮೇಲೆ, ನಂತರ ಮೂರು, ಐದು, ಏಳು ಹೀಗೆ ಬೆಸ ಸಂಖ್ಯೆಯ ಗೇಮ್‌ಗಳಾದ ಮೇಲೆ ತುದಿ ಬದಲಾಗುತ್ತದೆ. ಇದನ್ನು ಅ–ಕ–ಆ–ಖ ಸರದಿಯ ಮೇಲೆ ಇಟ್ಟು ನೋಡಿದರೆ, ಅ ಮತ್ತು ಕ ಇಬ್ಬರೂ ಇಡೀ ಸೆಟ್‌ನಲ್ಲಿ ಒಂದೇ ತುದಿಯಿಂದ ಸರ್ವ್ ಮಾಡುತ್ತಾರೆ. ಆ ಮತ್ತು ಖ ಇನ್ನೊಂದು ತುದಿಯಿಂದ. ಟಿಕೆಟ್ ಕೊಂಡು ಬಂದವರಲ್ಲಿ ಇದನ್ನು ಗಮನಿಸಿದವರು ಕಡಿಮೆ. ಆಟಗಾರ್ತಿಯರಿಗೆ ಮಾತ್ರ ಇದು ಬಾಯಿಪಾಠ. ಸಂಜೆ ನಾಲ್ಕರ ಬಿಸಿಲು ಒಂದು ತುದಿಯಲ್ಲಿ ಕಣ್ಣಿಗೆ ಹೊಡೆಯುತ್ತಿದ್ದರೆ, ಎಡಗೈ ಆಟಗಾರ್ತಿಯನ್ನು ಆ ತುದಿಗೆ ಇಟ್ಟು ಬಲಗೈಯವಳನ್ನು ಕಾಪಾಡಬಹುದು. ಗಾಳಿ ಎದುರಾದ ತುದಿಗೆ ಬಲವಾದ ಸರ್ವ್ ಇರುವವಳು, ಗಾಳಿ ಬೆನ್ನಿಗಿರುವ ತುದಿಗೆ ಮೆಲ್ಲನೆಯ ಸರ್ವ್‌ನವಳು. ಮೊದಲು ಸರ್ವ್ ಮಾಡುವವಳೇ ಯಾವಾಗಲೂ ಉತ್ತಮ ಸರ್ವರ್ ಎಂದು ಹೇಳಲಾಗದು ಎಂಬುದು ಇದಕ್ಕೇ.

ಸೆಟ್ 6–4ರಲ್ಲಿ ಮುಗಿಯಿತು ಎನ್ನಿ. ಹತ್ತು ಗೇಮ್ ಆಗಿರುವುದರಿಂದ ಮುಂದಿನ ಸೆಟ್ ಶುರುಮಾಡುವುದು ಮತ್ತೆ ಅ–ಆ ಜೋಡಿ. ಆದರೆ ಆಗ ಅವರು ನಿಂತಿರುವುದು ‘ಆ’ ಸರ್ವ್ ಮಾಡುತ್ತಿದ್ದ ತುದಿಯಲ್ಲಿ. ಅ ತನ್ನ ಹಳೆಯ ತುದಿಯಿಂದಲೇ ಸರ್ವ್ ಮಾಡಬೇಕೆಂದಿದ್ದರೆ ಈ ಸಲ ‘ಆ’ ಮೊದಲು ಮಾಡಬೇಕು. ಎರಡನೇ ಸೆಟ್‌ನಲ್ಲಿ ಸರದಿ ತಿರುವು ಮುರುವಾದರೆ ಗಾಬರಿಯಾಗಬೇಡಿ. ಹಾಳೆಯಲ್ಲಿ ಹೊಸದಾಗಿ ಬರೆದುಕೊಳ್ಳಿ, ಯಾಕೆ ಬದಲಿಸಿದರು ಎಂದು ಬಿಸಿಲು, ಗಾಳಿ ನೋಡಿ.

ಕೂರುವ ತುದಿಯ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ನೆಟ್ ಬಳಿ ಇರುವವಳು ಬೆನ್ನ ಹಿಂದೆ ಕೈ ಇಟ್ಟು ಮಾಡುವ ಸನ್ನೆ ಕಾಣುವುದು ಸರ್ವ್ ಮಾಡುವವಳ ಹಿಂದೆ ಕೂತವರಿಗೆ. ಒಂದೇ ತುದಿಯಲ್ಲಿ ಕೂತರೆ ಆ ಸೆಟ್‌ನಲ್ಲಿ ಇಬ್ಬರ ಸರ್ವ್‌ನ ಸನ್ನೆಗಳಷ್ಟೇ ಸಿಗುತ್ತವೆ. ಸೆಟ್‌ಗಳ ನಡುವೆ 120 ಸೆಕೆಂಡ್ ವಿರಾಮವಿರುತ್ತದೆ. ಪಕ್ಕದ ಅಂಗಳದ ಪಂದ್ಯವಾದರೆ ಆಗ ಎದ್ದು ಇನ್ನೊಂದು ತುದಿಗೆ ಹೋಗಿ. ಗೇಮ್‌ಗಳ ನಡುವೆ ತುದಿ ಬದಲಿಸುವಾಗ 90 ಸೆಕೆಂಡ್ ಸಿಗುತ್ತದೆ, ಆದರೆ ಪ್ರತಿ ಸೆಟ್‌ನ ಮೊದಲ ಗೇಮ್ ಆದ ಮೇಲೆ ಆಟಗಾರ್ತಿಯರು ಕೂರುವುದಿಲ್ಲ. ಆಗ ಓಡಾಡಿದರೆ ಅಂಪೈರ್ ಕೂಗಿ ಕೂರಿಸುತ್ತಾರೆ.

ಹಂತ 4: ಸ್ಕೋರ್ ಹೇಗೆ ಏರುತ್ತದೆ

ಡಬ್ಲ್ಯೂಟಿಎ ಡಬಲ್ಸ್‌ನಲ್ಲಿ ಡ್ಯೂಸ್ (40–40) ಆದ ಮೇಲೆ ಅಡ್ವಾಂಟೇಜ್, ಅಂದರೆ ಸತತ ಎರಡು ಅಂಕ ಗೆಲ್ಲಬೇಕೆಂಬ ನಿಯಮ, ಇಲ್ಲ. 40–40 ಆದರೆ ಒಂದೇ ನಿರ್ಣಾಯಕ ಅಂಕ, ಗೆದ್ದವರಿಗೆ ಗೇಮ್. ಅದೇ ಅಂಕ ಸರ್ವ್ ಮಾಡುವವರಿಗೆ ಗೇಮ್ ಪಾಯಿಂಟ್, ಎದುರಿನವರಿಗೆ ಬ್ರೇಕ್ ಪಾಯಿಂಟ್ (ಸರ್ವ್ ಮಾಡುವವರ ಗೇಮ್ ಕಸಿಯುವ ಅವಕಾಶ). ಸರ್ವ್ ಬಲ ಚೌಕಕ್ಕೆ ಬರಬೇಕೋ ಎಡಕ್ಕೋ ಎಂದು ತೀರ್ಮಾನಿಸುವುದು ರಿಟರ್ನ್ ಮಾಡುವ ಜೋಡಿ. ಆದರೆ ತಾವು ನಿಂತ ಕಡೆಗಳನ್ನು ಅದಲು ಬದಲು ಮಾಡುವಂತಿಲ್ಲ. ಹಾಗಾಗಿ ‘ಯಾವ ಕಡೆ’ ಎಂಬುದು ನಿಜಕ್ಕೂ ‘ಯಾರು’ ಎಂಬ ಆಯ್ಕೆ. ಹಾಳೆಯಲ್ಲಿ ಅಂಥ ಗೇಮ್‌ನ ಪಕ್ಕ ಒಂದು ಸೊನ್ನೆ ಸುತ್ತಿ, ಅದರೊಳಗೆ ರಿಟರ್ನ್ ಮಾಡಿದವಳ ಅಕ್ಷರ ಬರೆಯಿರಿ. ಪಂದ್ಯದ ಕೊನೆಗೆ ಒಂದೇ ಅಕ್ಷರ ಮತ್ತೆ ಮತ್ತೆ ಬಂದಿದ್ದರೆ ಆ ಜೋಡಿಯ ನಂಬಿಕೆ ಯಾರ ಮೇಲಿದೆ ಎಂದು ಗೊತ್ತಾಗುತ್ತದೆ. ಕೆಲವೊಮ್ಮೆ ಆಯ್ಕೆ ಸರ್ವ್ ಮಾಡುವವಳ ದೌರ್ಬಲ್ಯ ನೋಡಿ ಆಗಿರುತ್ತದೆ: ಎಡ ಚೌಕಕ್ಕೆ ಆಕೆಯ ಸರ್ವ್ ಸಪ್ಪೆಯಾಗಿದ್ದರೆ ಅಲ್ಲಿಗೇ ಕೇಳುತ್ತಾರೆ.

ಬಲ ಎಡಗಳ ಬಗ್ಗೆ ಇನ್ನೊಂದು ಸೂಕ್ಷ್ಮ. 30–40 ಮತ್ತು 0–40ರ ಅಂಕಗಳು ಎಡ ಚೌಕದಲ್ಲೇ ಆಡಬೇಕಾದವು. 15–40 ಬಲ ಚೌಕದಲ್ಲಿ. ಬ್ರೇಕ್ ಪಾಯಿಂಟ್‌ಗಳು ಎಡಕ್ಕೆ ಹೆಚ್ಚು ಬೀಳುವುದರಿಂದ ಅಲ್ಲಿ ನಿಲ್ಲುವವಳು ಒತ್ತಡಕ್ಕೆ ಬೆದರದವಳಾಗಿರಬೇಕು ಎಂಬುದು ಹಳೆಯ ಲೆಕ್ಕ.

ಸೆಟ್ 6–6 ಆದರೆ ಏಳು ಅಂಕದ ಟೈಬ್ರೇಕರ್. ಹನ್ನೆರಡು ಗೇಮ್ ಆಗುವಷ್ಟರಲ್ಲಿ ನಾಲ್ವರೂ ಮೂರು ಮೂರು ಸಲ ಸರ್ವ್ ಮಾಡಿರುತ್ತಾರೆ, ಆದ್ದರಿಂದ ಟೈಬ್ರೇಕರ್ ಶುರುಮಾಡುವವಳು ಮತ್ತೆ ಅ. ಆಕೆ ಒಂದು ಅಂಕಕ್ಕೆ ಸರ್ವ್ ಮಾಡುತ್ತಾಳೆ. ನಂತರ ಕ ಎರಡು, ಆ ಎರಡು, ಖ ಎರಡು, ಮತ್ತೆ ಅ ಎರಡು. ಪ್ರತಿ ಆರು ಅಂಕಕ್ಕೆ ತುದಿ ಬದಲು. ಅಂದರೆ ಖ ತನ್ನ ಮೊದಲ ಸರ್ವ್ ಅನ್ನು ಒಂದು ತುದಿಯಿಂದ, ಎರಡನೆಯದನ್ನು ಇನ್ನೊಂದು ತುದಿಯಿಂದ ಮಾಡಬೇಕು. ನೋಡುಗರು ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಹಾಳೆಯ ಮೂಲೆಯಲ್ಲಿ ಅ, ಕಕ, ಆಆ, ಖ | ಖ, ಅಅ ಎಂದು ಮೊದಲೇ ಬರೆದಿಟ್ಟುಕೊಂಡರೆ ತೊಂದರೆಯಿಲ್ಲ. ನಡುವಿನ ಗೆರೆ ತುದಿ ಬದಲಿಸುವ ಜಾಗ. ಟೈಬ್ರೇಕರ್ ಆದ ನಂತರದ ಸೆಟ್‌ನಲ್ಲಿ ಮೊದಲು ಸರ್ವ್ ಮಾಡುವುದು ಕ–ಖ ಜೋಡಿ.

ಸೆಟ್‌ಗಳು 1–1 ಆದರೆ ಮೂರನೇ ಸೆಟ್ ಬದಲು ಹತ್ತು ಅಂಕದ ಮ್ಯಾಚ್ ಟೈಬ್ರೇಕರ್, ಎರಡು ಅಂಕದ ಅಂತರ ಬೇಕು. ಜೋಡಿಗಳ ಸರ್ವ್ ಸರದಿ ಹಿಂದಿನಿಂದ ಮುಂದುವರಿಯುತ್ತದೆ. ಜೋಡಿಯೊಳಗೆ ಯಾರು ಮೊದಲು, ಯಾರು ಯಾವ ಕಡೆ ಎಂಬುದನ್ನು ಮಾತ್ರ ಹೊಸ ಸೆಟ್‌ನಂತೆಯೇ ಬದಲಿಸಬಹುದು. ಚೆಂಡು ಬದಲಿಸುವ ಸರದಿ ಬಂದಿದ್ದರೂ ಆಗ ಹೊಸ ಚೆಂಡು ಕೊಡುವುದಿಲ್ಲ. ಬಳಸಿ ಉಬ್ಬಿದ ಚೆಂಡಿನಲ್ಲಿ ಸರ್ವ್ ಸ್ವಲ್ಪ ನಿಧಾನವಾಗುವುದರಿಂದ ರಿಟರ್ನ್ ಚೆನ್ನಾಗಿರುವ ಜೋಡಿಗೆ ಇದು ಅನುಕೂಲ.

ಗ್ರ್ಯಾನ್‌ಸ್ಲಾಮ್‌ನ ಮಹಿಳೆಯರ ಡಬಲ್ಸ್ ಇಷ್ಟು ಗಡಿಬಿಡಿಯದಲ್ಲ. ಅಲ್ಲಿ ಅಡ್ವಾಂಟೇಜ್ ಇದೆ, ಮೂರನೇ ಸೆಟ್ ಪೂರ್ತಿ ಆಡುತ್ತಾರೆ. 2022ರಿಂದ ಕೊನೆಯ ಸೆಟ್ 6–6 ಆದಾಗ ಹತ್ತು ಅಂಕದ ಟೈಬ್ರೇಕರ್. ಈ ವ್ಯತ್ಯಾಸ ಎಷ್ಟು ದೊಡ್ಡದೆಂದರೆ, 2015ರ ವಿಂಬಲ್ಡನ್ ಫೈನಲ್‌ನಲ್ಲಿ ಸಾನಿಯಾ ಮಿರ್ಜಾ–ಮಾರ್ಟಿನಾ ಹಿಂಗಿಸ್ ಜೋಡಿ ಮಕರೋವಾ–ವೆಸ್ನಿನಾ ವಿರುದ್ಧ ಮೂರನೇ ಸೆಟ್‌ನಲ್ಲಿ 2–5 ಹಿಂದಿತ್ತು. ಅಲ್ಲಿಂದ ಎದ್ದು 5–7, 7–6, 7–5ರಲ್ಲಿ ಗೆದ್ದಿತು. ಅಂಥ ಏಳು ಬೀಳಿಗೆ ಸಮಯ ಸಿಗುವುದು ಪೂರ್ತಿ ಸೆಟ್ ಇದ್ದಾಗಲೇ. ಹತ್ತು ಅಂಕದಲ್ಲಿ ಎರಡು ಕೆಟ್ಟ ರಿಟರ್ನ್ ಆದರೆ ಪಂದ್ಯ ಕೈಜಾರುತ್ತದೆ. ಟೂರ್ ಮಟ್ಟದ ಈ ಚಿಕ್ಕ ಸ್ವರೂಪ ವೇಳಾಪಟ್ಟಿಗೆ ಒಳ್ಳೆಯದು. ಆಟಕ್ಕೆ ಪೂರ್ತಿ ಸೆಟ್ಟೇ ನ್ಯಾಯ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಹಂತ 5: ಚೆಂಡು ಬಿಟ್ಟು ನೆಟ್ ನೋಡಿ

ಒಂದು ಗೇಮ್ ಪೂರ್ತಿ ಸರ್ವ್ ಮಾಡುವವಳ ಜೊತೆಗಾರ್ತಿಯನ್ನು ಮಾತ್ರ ನೋಡಿ. ಕಷ್ಟವಾಗುತ್ತದೆ, ಆದರೂ ಮಾಡಿ.

ಅಂಕಕ್ಕೆ ಮುಂಚೆ ಆಕೆ ಬೆನ್ನ ಹಿಂದೆ ಸನ್ನೆ ಮಾಡುತ್ತಾಳೆ, ಇಲ್ಲವೇ ಇಬ್ಬರೂ ಚೆಂಡಿನಿಂದ ಬಾಯಿ ಮುಚ್ಚಿಕೊಂಡು ಮಾತಾಡುತ್ತಾರೆ. ಅಂಕಗಳ ನಡುವೆ ಇರುವ 25 ಸೆಕೆಂಡಿನಲ್ಲಿ ಎರಡು ವಿಷಯ ತೀರ್ಮಾನವಾಗಬೇಕು: ಸರ್ವ್ ಎಲ್ಲಿಗೆ, ನೆಟ್‌ನವಳು ನಿಂತಲ್ಲೇ ಇರುತ್ತಾಳೋ ಅಡ್ಡ ಹಾಯುತ್ತಾಳೋ. ಮುಚ್ಚಿದ ಮುಷ್ಟಿ ಎಂದರೆ ನಿಲ್ಲುವುದು, ಬಿಚ್ಚಿದ ಅಂಗೈ ಎಂದರೆ ಹಾಯುವುದು ಎಂಬುದು ಸಾಮಾನ್ಯ ರೂಢಿ, ಆದರೂ ಜೋಡಿಯಿಂದ ಜೋಡಿಗೆ ಬದಲಾಗುತ್ತದೆ. ನಾಲ್ಕಾರು ಅಂಕ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಸರ್ವ್ ನಡುಗೆರೆಯ ಕಡೆ ಬಿದ್ದರೆ ರಿಟರ್ನ್‌ಗೆ ಕೋನ ಕಡಿಮೆ, ಚೆಂಡು ನೆಟ್‌ನ ನಡುಭಾಗದಿಂದಲೇ ಹಾಯಬೇಕು. ಅಡ್ಡ ಹಾಯ್ದು ವಾಲಿ (ಚೆಂಡು ನೆಲಕ್ಕೆ ಬೀಳುವ ಮುಂಚಿನ ಹೊಡೆತ) ಹೊಡೆಯಲು ಇದೇ ಹೊತ್ತು. ಸರ್ವ್ ಹೊರಗಿನ ಮೂಲೆಗೆ ಹೋದರೆ ಬದಿಯ 1.37 ಮೀಟರ್ ಪಟ್ಟಿ ಬಾಯಿ ತೆರೆಯುತ್ತದೆ. ನೆಟ್‌ನವಳು ಒಂದು ಹೆಜ್ಜೆ ಹೊರಗೆ ಸರಿದು ಅದನ್ನು ಕಾಯಬೇಕು. ಹೊರಮೂಲೆಯ ಸರ್ವ್‌ಗೆ ಅಡ್ಡ ಹಾಯ್ದು ಪಟ್ಟಿಯಲ್ಲಿ ಪೆಟ್ಟು ತಿಂದ ಜೋಡಿ ಕಂಡರೆ, ತಪ್ಪು ವಾಲಿಯದ್ದಲ್ಲ, ಮಾತುಕತೆಯದ್ದು. ಎರಡನೇ ಸರ್ವ್ ಮೆಲ್ಲಗಿದ್ದರೆ ಹಾಯುವ ಧೈರ್ಯವೂ ಕಡಿಮೆಯಾಗುತ್ತದೆ. ಡಬಲ್ಸ್‌ನಲ್ಲಿ ಮೊದಲ ಸರ್ವ್ ಒಳಗೆ ಹಾಕಲು ವೇಗ ತಗ್ಗಿಸುವುದು ಇದೇ ಕಾರಣಕ್ಕೆ.

ಸರ್ವ್ ಮಾಡುವವಳ ಜೊತೆಗಾರ್ತಿ ನಡುಗೆರೆಯ ಮೇಲೆ ನೆಟ್‌ಗಿಂತ ತಗ್ಗಾಗಿ ಬಗ್ಗಿ ಕೂತರೆ ಅದು ಐ ವ್ಯೂಹ. ಎಡಕ್ಕೋ ಬಲಕ್ಕೋ ಹಾರುವುದನ್ನು ಕೊನೆಯ ಗಳಿಗೆಯವರೆಗೆ ಮುಚ್ಚಿಡುವುದು ಉದ್ದೇಶ. ಕೋನ ಮಾಡಿ ರಿಟರ್ನ್ ಹೊಡೆಯುವವರ ಎದುರು ಇದನ್ನು ತರುತ್ತಾರೆ. ಸರ್ವ್ ಮಾಡುವವಳು ಇರುವ ಕಡೆಯೇ ಜೊತೆಗಾರ್ತಿ ನಿಂತರೆ ಆಸ್ಟ್ರೇಲಿಯನ್ ವ್ಯೂಹ. ಅಡ್ಡ ರಿಟರ್ನ್‌ನ ದಾರಿ ಮುಚ್ಚಿಬಿಡುತ್ತದೆ. ಇನ್ನು ರಿಟರ್ನ್ ಮಾಡುವ ಜೋಡಿ ಇಬ್ಬರೂ ಬೇಸ್‌ಲೈನ್‌ಗೆ ಹಿಂದೆ ಸರಿದರೆ ಎದುರಿನ ನೆಟ್‌ನವಳಿಗೆ ಹೆದರಿದ್ದಾರೆ ಎಂದೇ ಅರ್ಥ. ಅದು ನಾಚಿಕೆಯ ವಿಷಯವಲ್ಲ, ಮುಂದೆ ನಿಂತು ಎದೆಗೆ ವಾಲಿ ಹೊಡೆಸಿಕೊಳ್ಳುವುದಕ್ಕಿಂತ ಮೇಲು. ಅಲ್ಲಿಂದ ಅವರ ಆಯುಧ ಲಾಬ್, ಅಂದರೆ ಎದುರಾಳಿಯ ತಲೆ ಮೇಲಿಂದ ಎತ್ತರಕ್ಕೆ ಹೊಡೆಯುವುದು. ಎರಡೂ ಕಡೆ ಎರಡು ಕೈಯಿಂದ ಹೊಡೆಯುವ ತೈವಾನ್‌ನ ಸೀಹ್ ಸು-ವೇ ಆಡುವುದು ಸಿಕ್ಕರೆ ಲಾಬ್ ಮತ್ತು ಡ್ರಾಪ್ (ನೆಟ್ ದಾಟಿ ಅಲ್ಲೇ ಬೀಳುವ ಮೆಲ್ಲನೆಯ ಹೊಡೆತ) ಎರಡನ್ನೂ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಮಹಿಳೆಯರ ಡಬಲ್ಸ್‌ನಲ್ಲಿ ಸರ್ವ್ ಮಾಡಿದ ಮೇಲೆ ಬೇಸ್‌ಲೈನ್‌ನಲ್ಲೇ ಉಳಿಯುವವರು ಹೆಚ್ಚು. ಇಬ್ಬರು ಹಿಂದಿನಿಂದ ಅಡ್ಡ ಅಡ್ಡ ಹೊಡೆಯುತ್ತಿದ್ದರೆ ಮುಂದಿನ ಇಬ್ಬರು ಹೊಂಚು ಹಾಕುತ್ತಿರುತ್ತಾರೆ. ಸಾನಿಯಾ ಅವರ ಫೋರ್‌ಹ್ಯಾಂಡ್ ಎದುರಾಳಿಯನ್ನು ಹಿಂದಕ್ಕೆ ತಳ್ಳುವುದು, ಸಡಿಲವಾಗಿ ಬಂದ ಚೆಂಡನ್ನು ಹಿಂಗಿಸ್ ನೆಟ್‌ನಲ್ಲಿ ಮುಗಿಸುವುದು. 2015–16ರಲ್ಲಿ ಸತತ 41 ಪಂದ್ಯ ಗೆದ್ದ ಆ ಜೋಡಿಯ ಬಲ ಇದೇ. ಈ ಕೆಲಸ ಹಂಚಿಕೆ ಯಾವ ಜೋಡಿಯಲ್ಲಿ ಹೇಗಿದೆ ಎಂದು ನೋಡಿ.

ನೆಟ್‌ನಲ್ಲಿದ್ದವಳ ಹೊಡೆತದಿಂದ ಮುಗಿದ ಪ್ರತಿ ಅಂಕಕ್ಕೂ ಆ ಗೇಮ್‌ನ ಸಾಲಿನಲ್ಲಿ ಒಂದು ಗೀಟು ಹಾಕಿ, ಪಕ್ಕದಲ್ಲಿ ಆಕೆಯ ಅಕ್ಷರ. ಒಂದು ಸಾಲು ಹೀಗಿರುತ್ತದೆ: 5 – ಅ – ಉಳಿಸಿಕೊಂಡಳು – ಆ|| – ಸೊನ್ನೆಯೊಳಗೆ ಖ. ಐದನೇ ಗೇಮ್, ಸರ್ವ್ ಅ, ‘ಆ’ ನೆಟ್‌ನಲ್ಲಿ ಎರಡು ಅಂಕ ಮುಗಿಸಿದಳು, 40–40ರಲ್ಲಿ ಖ ರಿಟರ್ನ್ ಮಾಡಿದಳು, ಗೇಮ್ ಉಳಿಯಿತು, ಅಂದರೆ ಸರ್ವ್ ಮಾಡಿದ ಜೋಡಿಯೇ ಗೆದ್ದಿತು.

ಹಂತ 6: ತಕರಾರು ಬಂದಾಗ

ಅಂಗಳದಲ್ಲಿ ಮಾತು ಜೋರಾದರೆ ಕಾರಣ ಬಹಳ ಸಲ ಇವುಗಳಲ್ಲಿ ಒಂದು. ಸರ್ವ್ ತನ್ನ ಜೊತೆಗಾರ್ತಿಗೇ ತಗುಲಿದರೆ ಫಾಲ್ಟ್. ಅದೇ ಸರ್ವ್ ನೆಲಕ್ಕೆ ಬೀಳುವ ಮುಂಚೆ ಎದುರಿನ ಜೋಡಿಯಲ್ಲಿ ಯಾರಿಗೇ ತಗುಲಿದರೂ ಅಂಕ ಸರ್ವ್ ಮಾಡಿದವರಿಗೆ, ಚೆಂಡು ಹೊರಗೆ ಹೋಗುತ್ತಿತ್ತು ಎಂಬ ವಾದ ನಡೆಯದು. ಜೊತೆಗಾರ್ತಿಯರಿಬ್ಬರ ರ್‍ಯಾಕೆಟ್‌ಗಳೂ ಚೆಂಡಿಗೆ ತಾಗಿದರೆ ಅಂಕ ಹೋಯಿತು. ರ್‍ಯಾಕೆಟ್‌ಗಳು ಒಂದಕ್ಕೊಂದು ಬಡಿದು ಚೆಂಡಿಗೆ ಒಂದೇ ತಾಗಿದರೆ ಆಟ ಮುಂದುವರಿಯುತ್ತದೆ. ಚೆಂಡು ತಮ್ಮತ್ತ ಬರುವಾಗ ‘ಬಿಡು’, ‘ನಂದು’ ಎಂದು ಕೂಗಬಹುದು, ಎದುರಾಳಿಯತ್ತ ಹೋಗುತ್ತಿರುವಾಗ ಕೂಗಿದರೆ ಅಡ್ಡಿ ಎಂದು ಅಂಪೈರ್ ಅಂಕ ಕಿತ್ತುಕೊಳ್ಳಬಹುದು.

ಸರದಿ ತಪ್ಪಿ ಸರ್ವ್ ಮಾಡಿದ್ದು ಗೇಮ್ ನಡುವೆ ಗೊತ್ತಾದರೆ ಸರಿಯಾದವಳು ಮುಂದುವರಿಸುತ್ತಾಳೆ, ಆಗಲೇ ಆಡಿದ ಅಂಕಗಳು ಉಳಿಯುತ್ತವೆ. ಗೇಮ್ ಮುಗಿದ ಮೇಲೆ ಗೊತ್ತಾದರೆ ಬದಲಾದ ಸರದಿಯೇ ಖಾಯಂ. ರಿಟರ್ನ್‌ನ ಕಡೆ ತಪ್ಪಿದ್ದರೆ ಆ ಗೇಮ್ ಹಾಗೆಯೇ ಮುಗಿಸಿ, ಮುಂದಿನ ರಿಟರ್ನ್ ಗೇಮ್‌ನಲ್ಲಿ ಹಳೆಯ ಜಾಗಕ್ಕೆ ಮರಳುತ್ತಾರೆ.

ಹಂತ 7: ಪಂದ್ಯ ಮುಗಿದ ಮೇಲೆ ಹಾಳೆ ಓದಿ

ನಾಲ್ಕು ಅಕ್ಷರಗಳ ಮುಂದೆ ಎಷ್ಟು ಸರ್ವ್ ಗೇಮ್, ಎಷ್ಟು ಉಳಿಸಿಕೊಂಡಳು ಎಂದು ಬರೆಯಿರಿ. ಅ ನಾಲ್ಕರಲ್ಲಿ ನಾಲ್ಕು, ‘ಆ’ ನಾಲ್ಕರಲ್ಲಿ ಒಂದು ಎಂದು ಬಂದರೆ ‘ಆ ಸರಿಯಾಗಿ ಸರ್ವ್ ಮಾಡಲಿಲ್ಲ’ ಎಂದು ಒಮ್ಮೆಲೇ ತೀರ್ಪು ಕೊಡಬೇಡಿ. ಆಕೆಯ ಗೇಮ್‌ಗಳ ಸಾಲಿನಲ್ಲಿ ಅ ಎಷ್ಟು ಗೀಟು ಪಡೆದಿದ್ದಾಳೆ ನೋಡಿ. ಅಲ್ಲಿ ಖಾಲಿ ಇದ್ದು, ಅ ಸರ್ವ್ ಮಾಡುವಾಗ ‘ಆ’ ಎಂಟು ಗೀಟು ಗಳಿಸಿದ್ದರೆ ಸೋಲಿಗೆ ಕಾರಣ ನೆಟ್‌ನಲ್ಲಿ ಕಾಲು ಕೀಳದ ಅ. ಸ್ಕೋರ್‌ಬೋರ್ಡಿನಲ್ಲಿ ಇದು ಎಂದೂ ಬರುವುದಿಲ್ಲ.

ಆಮೇಲೆ ಸೊನ್ನೆಗಳನ್ನು ಎಣಿಸಿ. ಏಳು ನಿರ್ಣಾಯಕ ಅಂಕಗಳಲ್ಲಿ ಐದನ್ನು ಗೆದ್ದ ಜೋಡಿ, ಒಟ್ಟು ಅಂಕಗಳಲ್ಲಿ ಹಿಂದಿದ್ದರೂ ಪಂದ್ಯ ಗೆದ್ದಿರಬಹುದು. ಅದನ್ನು ಅದೃಷ್ಟ ಎನ್ನುವ ಮೊದಲು ಆ ಐದು ಅಂಕಗಳಲ್ಲಿ ಸರ್ವ್ ಎಲ್ಲಿಗೆ ಬಂತು, ನೆಟ್‌ನವಳು ಹಾಯ್ದಳೋ ಇಲ್ಲವೋ ಎಂದು ನೆನಪಿಸಿಕೊಳ್ಳಿ.

ಅದೇ ಜೋಡಿ ಮುಂದಿನ ಸುತ್ತು ಆಡುವಾಗ ಹಳೆಯ ಹಾಳೆ ಜೊತೆಗಿರಲಿ. ವಾರದ ಕೊನೆಗೆ ಫೈನಲ್‌ಗೆ ಬಂದ ಜೋಡಿಯದು ಮೂರು ಹಾಳೆ ನಿಮ್ಮ ಕೈಯಲ್ಲಿರುತ್ತದೆ. 40–40ರಲ್ಲಿ ಅವರು ಯಾವ ಚೌಕ ಕೇಳುತ್ತಾರೆ ಎಂದು ಅಂಪೈರ್ ಹೇಳುವ ಮುಂಚೆಯೇ ಪಕ್ಕದವರಿಗೆ ಹೇಳಬಹುದು.